ಡಿಫರ್ ಆದ ಮೇಲೆ ಕಡಿಮೆ ಸ್ಯಾಟ್ ಅಂಕ ಕಳಿಸಬೇಕೋ, ಸುಮ್ಮನಿರಬೇಕೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗಳು ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಗೆ, ಎಂಜಿನಿಯರಿಂಗ್‌ಗೆ, ಅರ್ಲಿ ಆಕ್ಷನ್‌ನಲ್ಲಿ (ಬೇಗ ಅರ್ಜಿ, ಬೇಗ ಉತ್ತರ) ಅರ್ಜಿ ಹಾಕಿದ್ದಾಳೆ. ಸ್ಯಾಟ್ (ಪ್ರವೇಶಕ್ಕೆ ನೋಡುವ ಪರೀಕ್ಷೆ) ಅಂಕ ಕೊಟ್ಟಿಲ್ಲ, ಕಾಲೇಜು ಟೆಸ್ಟ್ ಆಪ್ಷನಲ್, ಅಂದರೆ ಅಂಕ ಕೊಡುವುದು ನಮ್ಮಿಷ್ಟ. ಡಿಸೆಂಬರ್ ಮಧ್ಯದಲ್ಲಿ ಡಿಫರ್ ಅಂತ ಬಂತು, ಅಂದರೆ ಈಗ ಹೌದು-ಇಲ್ಲ ಹೇಳದೆ ಮುಂದಿನ ಸುತ್ತಿಗೆ ಹಾಕಿದ್ದಾರೆ. ಈಗ ಡಿಸೆಂಬರ್ ಪರೀಕ್ಷೆಯ ಫಲಿತಾಂಶವೂ ಕೈಯಲ್ಲಿದೆ.

ಆಗಸ್ಟ್: ರೀಡಿಂಗ್-ರೈಟಿಂಗ್ 690, ಮ್ಯಾಥ್ 700, ಒಟ್ಟು 1390.
ಡಿಸೆಂಬರ್: ರೀಡಿಂಗ್-ರೈಟಿಂಗ್ 660, ಮ್ಯಾಥ್ 750, ಒಟ್ಟು 1410.

ಕಾಲೇಜಿನ ವೆಬ್‌ಸೈಟ್‌ನಲ್ಲಿ ನಡುವಿನ 50 ಪರ್ಸೆಂಟ್ (ಮೇಲಿನ, ಕೆಳಗಿನ ಕಾಲು ಭಾಗ ಬಿಟ್ಟು ಉಳಿದವರ ಅಂಕ) ಅಂತ 1420–1530 ತೋರಿಸುತ್ತಿದೆ. ನಮ್ಮದು ಅದಕ್ಕಿಂತ ಕೆಳಗೆ. ಕಳಿಸಿದರೆ ಉಪಯೋಗ ಇದೆಯಾ, ಅಥವಾ ಕೈಯಾರೆ ಕೆಡಿಸಿಕೊಂಡ ಹಾಗಾಗುತ್ತಾ?

ಉತ್ತರ 1

ಮೊದಲು 1410 ಅನ್ನುವ ಲೆಕ್ಕವನ್ನೇ ಬಿಡಿ. ಕಾಲೇಜು ಸೂಪರ್‌ಸ್ಕೋರ್ ಮಾಡುತ್ತದಾದರೆ ಎರಡೂ ಪರೀಕ್ಷೆಗಳಿಂದ ಒಳ್ಳೆಯ ಭಾಗವನ್ನೇ ಎತ್ತಿಕೊಳ್ಳುತ್ತದೆ: 690 + 750 = 1440. ಅಲ್ಲಿಗೆ ನೀವು ಆ ಶ್ರೇಣಿಯ ಒಳಗೇ ಇದ್ದೀರಿ. ಸೂಪರ್‌ಸ್ಕೋರ್ ಇಲ್ಲದೆ ಒಂದೇ ದಿನದ ಅತಿ ಹೆಚ್ಚಿನ ಒಟ್ಟು ಅಂಕ ನೋಡುವ ಕಾಲೇಜಾದರೆ ಮಾತು ಬೇರೆ. ಆದ್ದರಿಂದ ಅವರ ಟೆಸ್ಟಿಂಗ್ ಪಾಲಿಸಿ ಪುಟವನ್ನು ಇವತ್ತೇ ಓದಿ.

ಆಮೇಲೆ ವೆಬ್‌ಸೈಟಿನ ಜಾಹೀರಾತು ಸಂಖ್ಯೆ ಬಿಟ್ಟು ಆ ಕಾಲೇಜಿನ ಕಾಮನ್ ಡೇಟಾ ಸೆಟ್ (ಕಾಲೇಜು ಪ್ರಕಟಿಸುವ ಅಂಕಿ-ಅಂಶಗಳ ಪಟ್ಟಿ) ತೆಗೆಯಿರಿ. ಅದರಲ್ಲಿ ಸಿ9 ಅನ್ನುವ ಭಾಗ. ಅಲ್ಲಿ ಒಟ್ಟು ಅಂಕದ ಜೊತೆಗೆ ಮ್ಯಾಥ್‌ಗೇ ಬೇರೆಯಾಗಿ 25, 50, 75ನೇ ಪರ್ಸೆಂಟೈಲ್ ಇರುತ್ತವೆ (25ನೇದು ಅಂದರೆ ನೂರರಲ್ಲಿ 25 ಜನ ಅದಕ್ಕಿಂತ ಕೆಳಗೆ). ಎಷ್ಟು ಪರ್ಸೆಂಟ್ ವಿದ್ಯಾರ್ಥಿಗಳು ಅಂಕ ಕೊಟ್ಟಿದ್ದರು ಅನ್ನುವುದೂ ಅಲ್ಲೇ ಸಿಗುತ್ತದೆ. ಹೆಚ್ಚಿನವರು ಈ ಎರಡನೆಯದನ್ನು ನೋಡುವುದೇ ಇಲ್ಲ, ಅಸಲು ವಿಷಯ ಇರುವುದು ಅಲ್ಲಿ. ಅರ್ಧದಷ್ಟು ಜನ ಮಾತ್ರ ಕೊಟ್ಟಿದ್ದರೆ, ಕಡಿಮೆ ಬಂದವರು ಮುಚ್ಚಿಟ್ಟುಕೊಂಡಿದ್ದಾರೆ ಎಂದರ್ಥ. ಹಾಗಾಗಿ 25ನೇ ಪರ್ಸೆಂಟೈಲೇ ಮೇಲಕ್ಕೆ ಹೋಗಿ ಕೂತಿರುತ್ತದೆ. 2019ರಲ್ಲಿ ಸೇರಿದವರ ಡೇಟಾ ಸೆಟ್ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ. ಆಗ ಹೆಚ್ಚಿನ ಕಾಲೇಜುಗಳಲ್ಲಿ ಪರೀಕ್ಷೆ ಕಡ್ಡಾಯ ಇತ್ತು, ಎಲ್ಲರ ಅಂಕವೂ ಲೆಕ್ಕಕ್ಕೆ ಬಂದಿದೆ.

ಇನ್ನೊಂದು, ಸಿ9 ಸೇರಿದವರ ಲೆಕ್ಕ, ಸೀಟು ಸಿಕ್ಕವರದ್ದಲ್ಲ. ಅದೂ ಇಡೀ ಯೂನಿವರ್ಸಿಟಿಯದ್ದು. ಎಂಜಿನಿಯರಿಂಗ್‌ನ ಮ್ಯಾಥ್ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ.

ಉತ್ತರ 2

ಅಂಕ ಕಳಿಸುವುದನ್ನು ನಾನು ಒಪ್ಪುವುದಿಲ್ಲ, ಕನಿಷ್ಠ ಇಷ್ಟು ಬೇಗ. ಅಂಕವಿಲ್ಲದ ಫೈಲನ್ನೇ ಓದಿ, ತಿರಸ್ಕರಿಸದೆ ಡಿಫರ್ ಮಾಡಿದ್ದಾರೆ. ಅಂದರೆ ಅಂಕ ಇಲ್ಲ ಅನ್ನುವುದೊಂದೇ ಅಡ್ಡಿಯಾಗಿರಲಿಲ್ಲ. ಬಹಳ ಕಾಲೇಜುಗಳು ಹನ್ನೆರಡನೇ ತರಗತಿಯ ಮೊದಲ ಸೆಮಿಸ್ಟರಿನ ಗ್ರೇಡ್ ನೋಡಲು, ಇಲ್ಲವೇ ಎಷ್ಟು ಸೀಟು ಉಳಿಯುತ್ತದೆ ಎಂದು ತಿಳಿಯಲು ಫೈಲ್ ಮುಂದಕ್ಕೆ ಹಾಕುತ್ತವೆ. ಅಂಥ ಕಡೆ ನಡುವಿಗಿಂತ ಕೆಳಗಿನ ಅಂಕ ಹೊಸದಾಗಿ ಏನನ್ನೂ ಹೇಳುವುದಿಲ್ಲ, ಇಲ್ಲದ ಅನುಮಾನವೊಂದನ್ನು ಹುಟ್ಟಿಸಬಹುದು ಅಷ್ಟೇ. ಒಮ್ಮೆ ಫೈಲಿಗೆ ಸೇರಿದ ಅಂಕವನ್ನು ವಾಪಸ್ ತೆಗೆಸುವುದೂ ಎಲ್ಲ ಕಡೆ ಆಗುವ ಕೆಲಸವಲ್ಲ.

ನನ್ನ ಲೆಕ್ಕದಲ್ಲಿ ಹೆಚ್ಚು ತೂಕ ಮಿಡ್-ಇಯರ್ ರಿಪೋರ್ಟ್‌ಗೆ, ಅಂದರೆ ಮೊದಲ ಸೆಮಿಸ್ಟರಿನ ಗ್ರೇಡ್ ಪಟ್ಟಿಗೆ. ಅದನ್ನು ಕಳಿಸುವವರು ಶಾಲೆಯ ಕೌನ್ಸೆಲರ್. ಜನವರಿ ಕೊನೆಯಲ್ಲಿ ಸೆಮಿಸ್ಟರ್ ಮುಗಿಯುವ ಶಾಲೆಯಾದರೆ ಫೆಬ್ರವರಿವರೆಗೂ ಹೋಗುತ್ತದೆ. ಡಿಫರ್ ಆದ ವಿಷಯವನ್ನು ಅವರಿಗೆ ಈಗಲೇ ತಿಳಿಸಿ. ಕ್ಯಾಲ್ಕುಲಸ್, ಫಿಸಿಕ್ಸ್ ಗ್ರೇಡ್ ಚೆನ್ನಾಗಿದ್ದರೆ ಎಂಜಿನಿಯರಿಂಗ್‌ಗೆ ಅದೇ ಉತ್ತರ.

ಲೆಟರ್ ಆಫ್ ಕಂಟಿನ್ಯೂಡ್ ಇಂಟರೆಸ್ಟ್ (ಈಗಲೂ ಈ ಕಾಲೇಜೇ ಬೇಕು ಅನ್ನುವ ಪತ್ರ) ಬರೆಯುವುದಾದರೆ ಒಂದು ಪುಟ ಮೀರದಿರಲಿ. ಕೆಲವು ಕಾಲೇಜುಗಳು ಪತ್ರವೇ ಬೇಡ, ಪೋರ್ಟಲ್‌ನ (ಅರ್ಜಿದಾರರಿಗೆ ಕಾಲೇಜು ಕೊಡುವ ಆನ್‌ಲೈನ್ ಪುಟ) ಫಾರ್ಮ್ ಸಾಕು ಅನ್ನುತ್ತವೆ. ಅಲ್ಲಿ ಪತ್ರ ಕಳಿಸಬೇಡಿ. ಮತ್ತೆ ಅಂಕ ಯಾಕೆ ಕಡಿಮೆ ಬಂತು ಅಂತ ಪತ್ರದಲ್ಲಿ ಸಮಜಾಯಿಷಿ ದಯವಿಟ್ಟು ಬೇಡ. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಿರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಸಿ9 ನೋಡಿದೆ: ಮ್ಯಾಥ್ 25ನೇ ಪರ್ಸೆಂಟೈಲ್ 710, ನಡುವಿನದು 750. ಸ್ಯಾಟ್ ಕೊಟ್ಟವರು 46 ಪರ್ಸೆಂಟ್. ಸೂಪರ್‌ಸ್ಕೋರ್ ಮಾಡುತ್ತಾರೆ. ಹಾಗಾದರೆ ಡಿಸೆಂಬರಿನ ಮ್ಯಾಥ್ 750 ಒಂದನ್ನೇ ಕಳಿಸಬಹುದಾ? ಸ್ಯಾಟ್‌ನಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿಯಲ್ಲಿ 31 ಕೂಡ ಇದೆ. ಎರಡೂ ಕಳಿಸಿದರೆ?

ಉತ್ತರ 3

ಒಂದೇ ಭಾಗ ಕಳಿಸಲು ಬರುವುದಿಲ್ಲ ಮೇಡಂ. ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್‌ನ ಸ್ಕೋರ್ ಚಾಯ್ಸ್ (ಯಾವ ಅಂಕ ಕಳಿಸಬೇಕು ಎಂದು ಆರಿಸುವ ಸೌಲಭ್ಯ) ಕೊಡುವ ಆಯ್ಕೆ ಪರೀಕ್ಷೆಯ ದಿನಾಂಕಕ್ಕೆ ಮಾತ್ರ. ಡಿಸೆಂಬರ್ ಕಳಿಸಿದರೆ 660 ಕೂಡ ಜೊತೆಗೇ ಹೋಗುತ್ತದೆ. 1440 ಆಗಬೇಕಾದರೆ ಆಗಸ್ಟ್, ಡಿಸೆಂಬರ್ ಎರಡನ್ನೂ ಕಳಿಸಲೇಬೇಕು. ಇಲ್ಲಿ ಎಡವುವವರು ಬಹಳ: "ಕಡಿಮೆ" ಅಂತ ಆಗಸ್ಟ್ ಬಿಟ್ಟು ಡಿಸೆಂಬರ್ ಮಾತ್ರ ಕಳಿಸುತ್ತಾರೆ, 30 ಅಂಕ ಕಳೆದುಕೊಳ್ಳುತ್ತಾರೆ.

ಎಸಿಟಿ 31 ಬೇಡ. 2018ರ ಎಸಿಟಿ-ಸ್ಯಾಟ್ ಹೋಲಿಕೆ ಪಟ್ಟಿಯಲ್ಲಿ 31 ಅಂದರೆ ಸ್ಯಾಟ್ 1400ಕ್ಕೆ ಸಮ, 32 ಅಂದರೆ 1430. ನಿಮ್ಮ 1440 ಅದಕ್ಕಿಂತ ಮೇಲಿದೆ. ಎರಡು ಪರೀಕ್ಷೆಗಳ ಭಾಗಗಳನ್ನು ಬೆರೆಸಿ ಸೂಪರ್‌ಸ್ಕೋರ್ ಮಾಡುವ ಪದ್ಧತಿಯೂ ಸಾಮಾನ್ಯವಾಗಿ ಇಲ್ಲ.

ಇನ್ನು ಕೆಲಸದ ಕ್ರಮ. ಕಳಿಸಿಯಾದ ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿ) ಅನ್ನು ಆ ಕಾಲೇಜಿನ ಮಟ್ಟಿಗೆ ತಿದ್ದಲು ಆಗುವುದಿಲ್ಲ, ಏನಿದ್ದರೂ ಕಾಲೇಜಿನ ಪೋರ್ಟಲ್ ಮೂಲಕ. ಟೆಸ್ಟ್ ಆಪ್ಷನಲ್‌ನಿಂದ "ಅಂಕ ಪರಿಗಣಿಸಿ" ಎಂದು ಬದಲಿಸಲು ಅಲ್ಲಿ ಫಾರ್ಮ್ ಇದೆಯಾ, ಕೊನೆಯ ದಿನ ಯಾವುದು, ನೋಡಿ. ಕೆಲವು ಕಾಲೇಜುಗಳು ಅರ್ಜಿ ಹಾಕಿದ ಮೇಲೆ ಬದಲಾವಣೆ ಒಪ್ಪುವುದೇ ಇಲ್ಲ. ಅಲ್ಲಿ ಕಾಲೇಜ್ ಬೋರ್ಡ್ ನೇರವಾಗಿ ಕಳಿಸುವ ಅಧಿಕೃತ ರಿಪೋರ್ಟ್ ತಲುಪಿದರೂ ಓದುವವರ ಕಣ್ಣಿಗೆ ಬೀಳುವುದಿಲ್ಲ, ದುಡ್ಡು ದಂಡ. ಪಾಲಿಸಿ ಸ್ಪಷ್ಟ ಇಲ್ಲದಿದ್ದರೆ ಅಡ್ಮಿಷನ್ ಆಫೀಸಿಗೆ ಎರಡು ಸಾಲಿನ ಇಮೇಲ್, ಅದೂ ಮಗಳ ಹೆಸರಲ್ಲಿ, ಅವಳ ಅರ್ಜಿಯ ಇಮೇಲ್‌ನಿಂದ. ಅಪ್ಪ-ಅಮ್ಮ ಬರೆದರೆ ಚೆನ್ನಾಗಿ ಕಾಣುವುದಿಲ್ಲ.

ನೀವೇ ನಮೂದಿಸಿದ ಅಂಕ ಸಾಕು ಅನ್ನುವ ಕಾಲೇಜಾದರೆ ಅಧಿಕೃತ ರಿಪೋರ್ಟ್ ಸೇರುವಾಗ ಕೊಟ್ಟರಾಯಿತು. ಅಧಿಕೃತವೇ ಬೇಕು ಅಂದರೆ ಈಗ ದುಡ್ಡು ಕೊಟ್ಟೇ ಕಳಿಸಬೇಕು; ಉಚಿತ ನಾಲ್ಕು ರಿಪೋರ್ಟ್ ಪರೀಕ್ಷೆಯಾಗಿ 9 ದಿನದೊಳಗೆ ಮಾತ್ರ, ಅಂದರೆ ಅಂಕ ಕಾಣುವ ಮೊದಲೇ. ರಿಪೋರ್ಟ್ ತಲುಪಿ ಫೈಲಿಗೆ ಸೇರಲು ಕೆಲವು ದಿನ ಬೇಕು, ಕೊನೆಯ ದಿನದವರೆಗೆ ಕಾಯಬೇಡಿ. ನಮ್ಮವರಿಗೆ ಬರುವ ಖಾಸಾ ತೊಂದರೆಯೂ ಒಂದಿದೆ: ಕಾಲೇಜ್ ಬೋರ್ಡ್ ಖಾತೆಯಲ್ಲಿ ಇನಿಷಿಯಲ್, ಅರ್ಜಿಯಲ್ಲಿ ಅಪ್ಪನ ಪೂರ್ತಿ ಹೆಸರು. ಹೆಸರು, ಹುಟ್ಟಿದ ದಿನ ಹೊಂದದಿದ್ದರೆ ರಿಪೋರ್ಟ್ ಎಲ್ಲೋ ತೇಲಾಡುತ್ತಿರುತ್ತದೆ. ಒಂದು ವಾರದ ನಂತರ ಪೋರ್ಟಲ್‌ನ ಚೆಕ್‌ಲಿಸ್ಟ್ ನೋಡಿ.

ಬೇರೆ ಕಾಲೇಜುಗಳ ಪಟ್ಟಿ ಇದ್ದರೆ ಒಂದೊಂದಕ್ಕೂ ಬೇರೆ ನಿರ್ಧಾರ ಮಾಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್‌ಗಳು ಪ್ರವೇಶಕ್ಕೆ ಅಂಕ ನೋಡುವುದೇ ಇಲ್ಲ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಕಡ್ಡಾಯವನ್ನು ವಾಪಸ್ ತಂದವು. ಅಂಥ ಕಡೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಉತ್ತರ 1

ಅಂಕಿ ಕೊಟ್ಟಿದ್ದು ಒಳ್ಳೆಯದಾಯಿತು. ಮ್ಯಾಥ್ ಸರಿಯಾಗಿ ನಡುವಿನಲ್ಲಿದೆ, ಕೊಟ್ಟವರು ಅರ್ಧಕ್ಕಿಂತ ಕಡಿಮೆ, ಸೂಪರ್‌ಸ್ಕೋರ್ ವೆಬ್‌ಸೈಟಿನ ಶ್ರೇಣಿಯ ಕೆಳಗಿನ ತುದಿ 1420ಕ್ಕಿಂತ 20 ಮೇಲೆ. ನಾನಾದರೆ ಕಳಿಸುತ್ತೇನೆ, ಎರಡೂ ದಿನಾಂಕ. ಇದೇ 1440ರಲ್ಲಿ ಮ್ಯಾಥ್ 690, ರೀಡಿಂಗ್ 750 ಇದ್ದಿದ್ದರೆ ಎಂಜಿನಿಯರಿಂಗ್‌ಗೆ ಬೇಡ ಅನ್ನುತ್ತಿದ್ದೆ.

ಶಾಲೆಯ ಪ್ರೊಫೈಲ್ (ಕಾಲೇಜುಗಳಿಗೆ ಶಾಲೆಯ ಪರಿಚಯ ಕೊಡುವ ಹಾಳೆ) ಕೂಡ ಒಮ್ಮೆ ನೋಡಿ, ಕೌನ್ಸೆಲರ್ ಹತ್ತಿರ ಸಿಗುತ್ತದೆ. ಅದರಲ್ಲಿ ಶಾಲೆಯ ಸರಾಸರಿ ಸ್ಯಾಟ್ 1180 ಅಂತಿದ್ದರೆ 1440 ಎದ್ದು ಕಾಣುತ್ತದೆ. 1450 ಅಂತಿದ್ದರೆ ಅದೇ ಅಂಕ ಸಪ್ಪೆ.

ಉತ್ತರ 2

ಮ್ಯಾಥ್ 750 ನಡುವಿನದು ಅಂತಾದ ಮೇಲೆ ನನ್ನ ವಿರೋಧ ಅರ್ಧ ಇಳಿಯಿತು. ಆದರೂ ಕ್ರಮ ಹೀಗಿರಲಿ: ಮೊದಲು ಸೆಮಿಸ್ಟರ್ ಗ್ರೇಡ್ ಹೇಗಿದೆ ಅಂತ ಖಚಿತ ಮಾಡಿಕೊಳ್ಳಿ. ಕ್ಯಾಲ್ಕುಲಸ್‌ನಲ್ಲಿ ಬಿ ಬಂದಿದ್ದರೆ 750 ಅದಕ್ಕೆ ಆಸರೆಯಾಗುತ್ತದೆ, ಕಳಿಸಿ. ಇಂಗ್ಲಿಷ್‌ನಲ್ಲಿ ಗ್ರೇಡ್ ಇಳಿದಿದ್ದರೆ ಮಾತ್ರ ಯೋಚಿಸಿ. ಡಿಸೆಂಬರಿನ 660 ಆ ಗ್ರೇಡಿನ ಪಕ್ಕದಲ್ಲೇ ಕೂರುತ್ತದೆ. ಸೂಪರ್‌ಸ್ಕೋರ್ ಮಾಡಿದರೂ ಕೆಲವು ಕಡೆ ಓದುವವರಿಗೆ ಎರಡೂ ರಿಪೋರ್ಟ್ ಕಾಣುತ್ತವೆ.