ಬ್ರಿಜ್ ಹತ್ರದ ಒಳಚರಂಡಿ ಚೇಂಬರ್ ಮತ್ತ ಉಕ್ಕೈತಿ

ಕೊನೀಮನಿ ವೈನಿ (ಬೆಳಿಗ್ಗೆ 5:12)
ಯಾರರ ಎದ್ದೀರೇನ್ರಿ? ನಾವಂತೂ ಮಲಗೇ ಇಲ್ಲ. ರಾತ್ರಿ ಬಾತ್‌ರೂಮಿನ ಜಾಳಗಿ ಗುಳುಗುಳು ಅನ್ನಾಕತ್ತು. ಲೈಟ್ ಹಾಕಿ ನೋಡ್ತೀನಿ, ಕರೇ ನೀರು ಉಕ್ಕಿ ಪಡಸಾಲಿಗೆ ಬಂದೈತಿ. ಯಾರ ಮನಿ ಸಂಡಾಸದ್ದೋ ದೇವರಿಗೇ ಗೊತ್ತು. ಮಂಚದ ಕೆಳಗಿನ ಜ್ವಾಳದ ಚೀಲ ಎರಡೂ ಹೋದ್ವು. ಅತ್ತಿಯವ್ರನ್ನ ಕುರ್ಚಿ ಮ್ಯಾಲ ಕಾಲು ಎತ್ತಿ ಕುಂದರ್ಸೇನಿ. "ನೋಡೂಣ್ರಿ, ಮಾಡೂಣ್ರಿ" ಅಂತ ಇವತ್ತ ಯಾರೂ ಬರೀಬ್ಯಾಡ್ರಿ, ಹೇಳಿರತೀನಿ.

ಕೆಂಪು ಗೇಟ್ ಸರ್ (5:40)
ಹಾಲು ತರಾಕ ಹೋಗಿದ್ದೆ ವೈನಿ. ಚೇಂಬರಿನ ಮುಚ್ಚಳನ ಎದ್ದು ಆ ಕಡೆ ಬಿದ್ದೈತಿ. ನೀರು ರಸ್ತಾ ದಾಟಿ ಸೀದಾ ಬಳ್ಳಾರಿ ನಾಲಾಕ್ಕ ಇಳ್ಯಾಕತ್ತೈತಿ. ಫೋಟೊ ಹಾಕೇನಿ, ನಾಷ್ಟಾ ಆದ ಮ್ಯಾಲ ನೋಡ್ರಿ.

ಮೂಲಿಮನಿ ಕಾಕಾ (5:44)
ನಾ 2019ರ ಮಳ್ಯಾಗನ ಹೇಳಿದ್ದೆ. ಯಾರು ಕೇಳಿದ್ರಿ?

ಮೂಲಿಮನಿ ಕಾಕಾ (5:45)
ಆ ಅಪಾರ್ಟ್‌ಮೆಂಟ್ ಬಂದ ಮ್ಯಾಲ ಈ ಗತಿ. ಹಳೇ ಸಣ್ಣ ಪೈಪಿಗೆ ಅಷ್ಟೂ ಮನಿ ಸಂಡಾಸ ಕೂಡಿಸಿದ್ರ ಮತ್ತೇನಾಗ್ತೈತಿ?

ಮೂಲಿಮನಿ ಕಾಕಾ (5:45)
ಉತ್ರ ಕೊಡ್ರಿ ಯಾರರ.

ಅಪಾರ್ಟ್‌ಮೆಂಟ್ 2ನೇ ಮಜಲಿ (6:20)
ಕಾಕಾರ, 2019ಕ್ಕ ನಮ್ಮ ಬಿಲ್ಡಿಂಗ್ ಪಾಯಾನ ತಗದಿರಲಿಲ್ಲ. ಆಗ ಉಕ್ಕಿದ್ದು ಯಾರ ಮನೀದು?

ಮೂಲಿಮನಿ ಕಾಕಾ (6:21)
ಅದು ಮಹಾಪೂರ. ಬ್ಯಾರೆ ಲೆಕ್ಕ.

ಪೈಪಿನ ಅಂಗಡಿ ಅಣ್ಣ (6:35)
ಜಗಳ ಬಿಡ್ರಿ, ಒಂದು ವಿಚಾರ ಮಾಡ್ರಿ. ಸಂಡಾಸ ನಾವು ಬ್ಯಾಸಗ್ಯಾಗೂ ಬಳಸ್ತೀವಿ, ಆಗ ಯಾಕ ಉಕ್ಕಂಗಿಲ್ಲ? ಒಳಚರಂಡಿ ಪೈಪ್ ಹಾಕಿದ್ದು ಮನಿ ನೀರಿಗೆ ಅಷ್ಟ. ಮಳಿ ನೀರು ರಸ್ತಾ ಗಟಾರಕ್ಕ ಹೋಗಬೇಕು. ನಮ್ಮವ್ರು ಟೆರೇಸಿನ ಪೈಪನ್ನ, ಅಂಗಳದ ನೀರನ್ನ ಸೀದಾ ಚೇಂಬರಿಗೆ ಬಿಟ್ಟಾರ. ಜೋರ ಮಳಿ ಬಂದಾಗ ಒಂದೊಂದು ಟೆರೇಸಿನ ನೀರು ಒಳಗ ನುಗ್ಗಿದ್ರ ಪೈಪ್ ಎಲ್ಲಿ ತಡೀತೈತಿ? ತಗ್ಗಿನ್ಯಾಗ ಇದ್ದ ಮನಿ ಜಾಳಗೀಲಿಂದ ಹೊರಗ ಬರ್ತೈತಿ. ವೈನಿ ಮನಿ ತಗ್ಗಿನ್ಯಾಗ ಐತಿ. ಹಂಗ ಕೂಡಿಸಿದವ್ರು ಕೈ ಎತ್ರಿ ನೋಡೂಣು.

ಸಾಯಿ ಕಿರಾಣಿ (6:52)
🌹 ಶುಭೋದಯ 🌹 ಮುಂಜಾನೆ ತಾಮ್ರದ ತಂಬಿಗಿ ನೀರು ಕುಡಿಯಿರಿ, 21 ರೋಗ ದೂರ ಇಡಿರಿ. 10 ಗುಂಪಿಗೆ ಕಳಿಸಿದವರಿಗೆ ಒಳ್ಳೆಯ ಸುದ್ದಿ ಬರುವುದು 🙏

ಕೊನೀಮನಿ ವೈನಿ (6:53)
ನಮ್ಮ ಪಡಸಾಲ್ಯಾಗ ಬೇಕಾದಷ್ಟು ಐತ್ರಿ, ತಾಮ್ರದ ತಂಬಿಗಿ ತಗೊಂಡು ಬರ್ರಿ.

ಅಪಾರ್ಟ್‌ಮೆಂಟ್ 2ನೇ ಮಜಲಿ (7:02)
ಕೈ ಯಾರೂ ಎತ್ತಲಿಲ್ಲ ಅಣ್ಣಾರ 😄 ಕಾಕಾರ ಟೆರೇಸ್ ಪೈಪ್ ಎಲ್ಲಿಗೆ ಇಳದೈತಿ?

ಮೂಲಿಮನಿ ಕಾಕಾ (7:03)
ಅದು ಕಟ್ಟಿದ ಗೌಂಡಿನ್ನ ಕೇಳ್ರಿ. ವಿಷಯ ತಿರುಗಸಬ್ಯಾಡ್ರಿ. ಆಫೀಸಿನವ್ರಿಗೆ ಫೋನ್ ಹಚ್ಚೇನಿ, ಎತ್ತವಲ್ರು.

3ನೇ ಕ್ರಾಸ್ ತಮ್ಮ (7:10)
ಆಫೀಸು ಯಾಕ್ರಿ? ಗಟಾರ ಬಳ್ಯಾಕ ಬರೂ ಹುಡುಗ ಅದಾನಲ್ಲ, 500 ಕೊಟ್ರ ಇಳದು ಬಿದಿರಿನಿಂದ ತಿವೀತಾನ.

ಕೆಂಪು ಗೇಟ್ ಸರ್ (7:12)
ಯಾರನ್ನೂ ಇಳಸಬ್ಯಾಡ್ರಿ. 2013ರ ಕಾಯ್ದಾ ಐತಿ, ಇಳಸಿದವ್ರು ಜೈಲಿಗೆ ಹೋಗ್ತೀರಿ. ಕಾಯ್ದಾ ಬಿಡ್ರಿ, ಒಳಗಿನ ಗ್ಯಾಸ್ ಎಂಥಾದ್ದು ಗೊತ್ತೇನು? ಮೊದಲ ಕೊಳತ ತತ್ತಿ ನಾತ ಬರ್ತೈತಿ. ಭಾಳ ಆದ್ರ ಮೂಗು ಸತ್ತು ನಾತನ ಬರಂಗಿಲ್ಲ, ಆಗ ಮನಷ್ಯಾನೂ ಉಳಿಯಂಗಿಲ್ಲ. ಜೋರ ನೀರು ಹೊಡದು ಪೈಪ್ ಬಿಡಸೂ ಜೆಟ್ಟಿಂಗ್ ಗಾಡೀನ ಬರಬೇಕು.

ನರ್ಸ್ ಅಕ್ಕ (7:30)
ನೈಟ್ ಡ್ಯೂಟಿ ಮುಗಿಸಿ ಈಗ ನೋಡಿದೆ. ವೈನಿ, ಬರಿಗಾಲಿಂದ ಓಡ್ಯಾಡಬ್ಯಾಡ್ರಿ, ಕಾಲಿಗೆ ಗಾಯ ಇದ್ರ ಮೊದಲ ಮುಚ್ಚರಿ. ಇಲಿ ಉಚ್ಚಿ ಕೂಡಿದ ನೀರಿಂದ ಇಲಿಜ್ವರ ಬರ್ತೈತಿ. ಜ್ವಾಳ ಬಿಸಲಿಗೆ ಹಾಕಿ ಉಳಸೂಣು ಅನಬ್ಯಾಡ್ರಿ, ಒಗೀರಿ. ಎಲ್ಲಾರೂ ಕುಡ್ಯೂ ನೀರು ಕುದಿಸ್ರಿ, ಕೊತಕೊತ ಕುದ್ದ ಮ್ಯಾಲೂ ಒಂದು ನಿಮಿಷ ಬಿಡ್ರಿ.

ಮೂಲಿಮನಿ ಕಾಕಾ (7:33)
ಕುಡ್ಯೂ ನೀರಿಗೂ ಇದಕ್ಕೂ ಏನು ಸಂಬಂಧ? ನಮ್ಮ ನಳದ ನೀರು ರಕ್ಕಸಕೊಪ್ಪ ಡ್ಯಾಮಿಂದು, ಹಿಡಕಲ್ ಡ್ಯಾಮಿಂದು. ಮಂದಿನ್ನ ಹೆದರಸಬ್ಯಾಡ್ರಿ.

ನರ್ಸ್ ಅಕ್ಕ (7:38)
ಖರೆ ಕಾಕಾರ, ನೀರು ಅಲ್ಲಿಂದನ ಬರ್ತೈತಿ. ಆದ್ರ ನಳ ಬಂದ್ ಇದ್ದಾಗ ಪೈಪಿನ್ಯಾಗ ಜೋರು ಇರಂಗಿಲ್ಲ. ಒಡದ ಜಾಗಾದಾಗ ಹೊರಗಿನ ಹೊಲಸು ಒಳಗ ಎಳಕೊಂತೈತಿ. ಮೊದಲ ಬಂದ ನೀರು ಕರ್ರಗ ಬರೂದು ನೀವೂ ನೋಡೀರಿ. ಬಾವಿ ನೀರು ಬಳಸವ್ರು ಇನ್ನೂ ಹುಷಾರ. ನೀರು ಪರೀಕ್ಷಾ ಮಾಡಾಕ ಪಂಚಾಯ್ತಿಗೆ ಕೊಡೂ ಔಷಧಿ ಹಾಕಿದ ಸಣ್ಣ ಬಾಟ್ಲಿ ಸಿಕ್ರ ನೀರು ತುಂಬಿ ಒಂದೆರಡು ದಿವಸ ಇಡ್ರಿ. ಕರ್ರಗ ಆತಂದ್ರ ಸಂಡಾಸದ ನೀರು ಸೇರೈತಿ ಅಂತ ತಿಳೀರಿ.

ನರ್ಸ್ ಅಕ್ಕ (7:41)
ನನಗ ನಮ್ಮಕಿಂತ ಕೆಳಗಿನವ್ರ ಚಿಂತಿ. ಬ್ರಿಜ್ ಕೆಳಗ ಆ ಅಜ್ಜ ಎಮ್ಮಿ ತೊಳ್ಯಾಕ ಇಳೀತಾನ, ಹುಡುಗ್ರು ಏಡಿ ಹಿಡೀತಾವ. ಆಚೆ ಹೊಲದವ್ರು ಅದ ನೀರಿನ್ಯಾಗ ಭತ್ತದ ನಾಟಿ ಮಾಡ್ತಾರ, ಮೆಂತ್ಯಾ ಸೊಪ್ಪು ತೊಳದು ಸಂತಿಗೆ ತರ್ತಾರ. ಅವರಿಗೆ ಹೇಳಿದವ್ರು ಯಾರು?

ಕೆಂಪು ಗೇಟ್ ಸರ್ (7:50)
ಇದು ಖರೆ ಮಾತು. ನಮ್ಮ ಬೆಳಗಾವಿ ಈ ಬಳ್ಳಾರಿ ನಾಲಾ ಮಾರ್ಕಂಡೇಯ ನದಿಗೆ ಕೂಡ್ತೈತಿ, ಮಾರ್ಕಂಡೇಯ ಗೋಕಾಕ ಹತ್ರ ಘಟಪ್ರಭಾಕ್ಕ, ಅದು ಮುಂದ ಕೃಷ್ಣಾಕ್ಕ. ಜಳಕದ ನೀರಿಗೆ ಸರ್ಕಾರದ ಮಾಪ ಐತಿ. 100 ಮಿ.ಲೀ.ದಾಗ ಮಲದ ಕೋಲಿಫಾರ್ಮ್ (ಸಂಡಾಸದಿಂದ ಬರೂ ಬ್ಯಾಕ್ಟೀರಿಯಾ) 500ರ ಒಳಗಿದ್ರ ಚೊಲೊ, 2500 ದಾಟಬಾರದು. ಹಸೀ ಗಟಾರ ನೀರಿನ್ಯಾಗ ಅದು ಲಕ್ಷದ ಲೆಕ್ಕದಾಗ ಇರ್ತೈತಿ. ಒಂದು ಬೋರ್ಡ್ ಹಾಕೂಣು: "ಗಟಾರ ನೀರು ಸೇರಿದೆ, ಇಳಿಯಬೇಡಿ." ಕಸದ ಗಾಡಿ ಮೈಕಿನ್ಯಾಗ ಹಾಡಿನ ಬದಲಿ ಎರಡು ದಿವಸ ಇದನ್ನ ಒದರಿಸಿದ್ರೂ ಸಾಕು. ಹಿಂದ ಡಂಗುರ ಹೊಡೀತಿರಲಿಲ್ಲೇನು?

ಅಪಾರ್ಟ್‌ಮೆಂಟ್ 2ನೇ ಮಜಲಿ (7:58)
ಲಂಡನ್‌ದಾಗ ಥೇಮ್ಸ್ ನದಿಗೆ ಗಟಾರ ಬಿಟ್ಟಾಗ ಮೊಬೈಲ್ ನಕಾಶೆದಾಗ ತೋರಸ್ತಾರಂತ, 2023ರಿಂದ.

3ನೇ ಕ್ರಾಸ್ ತಮ್ಮ (7:59)
ನಮಗ್ಯಾಕ ನಕಾಶಿ, ಮೂಗು ಐತಲ್ಲ 😂

ಪೈಪಿನ ಅಂಗಡಿ ಅಣ್ಣ (8:05)
ಬೋರ್ಡಿಗೆ ನಂದು 200.

ನರ್ಸ್ ಅಕ್ಕ (8:05)
ನಂದೂ 200.

ಕೆಂಪು ಗೇಟ್ ಸರ್ (8:06)
300. ಇವತ್ತ ಬರಸೂಣು.

ಮೂಲಿಮನಿ ಕಾಕಾ (8:08)
ಬೋರ್ಡ್ ಯಾವ ಭಾಷಾದಾಗ? 60 ಪರ್ಸೆಂಟ್ ಕನ್ನಡ ಇರಲೇಬೇಕು, ಕಾಯ್ದಾ ಐತಿ.

ಪೈಪಿನ ಅಂಗಡಿ ಅಣ್ಣ (8:10)
ಅದು ನಮ್ಮಂಥಾ ಅಂಗಡಿ ಬೋರ್ಡಿಗೆ ಕಾಕಾ. ಆ ಕಡೆ ಹೊಲದವ್ರು ಮರಾಠಿ ಓದ್ತಾರ, ಎರಡೂ ಬರಸೂಣು.

ಮೂಲಿಮನಿ ಕಾಕಾ (8:11)
ಮ್ಯಾಲ ಯಾವದು, ಕೆಳಗ ಯಾವದು? ನಾಳೆ ಯಾರರ ಮಸಿ ಬಳದ್ರ ಜವಾಬ್ದಾರಿ ಯಾರು?

ನರ್ಸ್ ಅಕ್ಕ (8:15)
ಅಜ್ಜಗ ಎರಡೂ ಓದಾಕ ಬರಂಗಿಲ್ಲ. ಚಿತ್ರ ಹಾಕ್ರಿ, ಕಾಲು ಬರದು ಕೆಂಪು ಗೀಟು ಹೊಡೀರಿ. ನಾನು ಮಲಗ್ತೀನಿ, ಸಂಜಿಗೆ ನೋಡ್ತೀನಿ.

ಮೂಲಿಮನಿ ಕಾಕಾ (8:16)
ಚಿತ್ರಾನ ಹಾಕ್ರಿ. ಕಟ್ಟೂದು ಎಲ್ಲಿ?

3ನೇ ಕ್ರಾಸ್ ತಮ್ಮ (8:18)
ಬ್ರಿಜ್ ಹತ್ರದ ಲೈಟಿನ ಕಂಬಕ್ಕ. ಆದ್ರ ಆ ಲೈಟ್ ಹತ್ತಂಗಿಲ್ಲ. ಅಜ್ಜ ಬೆಳಕು ಹರಿಯೂಕಿಂತ ಮೊದಲ ಬರ್ತಾನ, ಕತ್ತಲ್ಯಾಗ ಬೋರ್ಡ್ ಯಾರಿಗೆ ಕಾಣತೈತಿ?

ಮೂಲಿಮನಿ ಕಾಕಾ (8:19)
ನೋಡ್ರಿ! ಮೂಲ ಸಮಸ್ಯೆ ಲೈಟಿಂದು. ನಾ ಮೊದಲಿಂದ ಹೇಳಾಕತ್ತೇನಿ.

ಸಾಯಿ ಕಿರಾಣಿ (8:21)
ಹೌದ್ರಿ ಕಾಕಾರ, ಮೊನ್ನಿ ಅಲ್ಲೇ ನನ್ನ ಗಾಡಿಗೆ ನಾಯಿ ಬೆನ್ನ ಹತ್ತಿತ್ತು. ಲೈಟ್ ಮೊದಲ ಆಗ್ಲಿ.

ಅಪಾರ್ಟ್‌ಮೆಂಟ್ 2ನೇ ಮಜಲಿ (8:22)
ಲೈಟಿಗೆ ನಮ್ಮ ಬಿಲ್ಡಿಂಗಿನ ಎಲ್ಲಾರೂ ಸಹಿ ಹಾಕ್ತೀವಿ 👍

ಕೊನೀಮನಿ ವೈನಿ (8:40)
ಜೆಟ್ಟಿಂಗ್ ಗಾಡಿ ಯಾರರ ಕರದೀರೇನ್ರಿ?

ಮೂಲಿಮನಿ ಕಾಕಾ (8:41)
ಅದನ್ನ ಬ್ಯಾರೆ ಬರೀರಿ ವೈನಿ, ಈಗ ಲೈಟಿಂದು ನಡದೈತಿ. ಕಂಬದ ನಂಬರ್ ಯಾರರ ಹಾಕ್ರಿ.

3ನೇ ಕ್ರಾಸ್ ತಮ್ಮ (9:05)
ನಂಬರ್ ಅಳಸಿ ಹೋಗೈತಿ. ಒಂದು "7" ಕಾಣತೈತಿ, ಇಲ್ಲಾಂದ್ರ "1".

ಮೂಲಿಮನಿ ಕಾಕಾ (9:06)
ಪಂಚಮಿ ಮುಗೀಲಿ, ಎಲ್ಲಾರೂ ಕೂಡಿ ಹೋಗೂಣು. ಉಂಡಿ ಕಟ್ಟಾಕತ್ತಾರ ಮನ್ಯಾಗ.

ಪೈಪಿನ ಅಂಗಡಿ ಅಣ್ಣ (9:30)
ಬೋರ್ಡಿನ 700 ಏನ್ ಮಾಡೂದು? ಬಲ್ಬ್ ತರೂಣೇನು?

ಮೂಲಿಮನಿ ಕಾಕಾ (9:31)
ತರ್ರಿ. ಎಲ್‌ಇಡಿ ತರ್ರಿ.