ಅಪ್‌ಡೇಟ್: ಅಮ್ಮನ ಮಂಡಿನೋವಿಗೆ ಯಾವ ಮಾತ್ರೆ ಅಂತ ಕೇಳಿದ್ದೆ

ಅಮ್ಮನಿಗೆ ಮಂಡಿ ಸವೆತ, ಜೊತೆಗೆ ಬಿಪಿಗೆ ಟೆಲ್ಮಿಸಾರ್ಟನ್ ತಗೊಳ್ತಾರೆ, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್ ಈ ಮೂರು ನೋವಿನ ಮಾತ್ರೆಗಳಲ್ಲಿ ಯಾವುದು ವಾಸಿ ಅಂತ ಕೇಳಿದ್ದೆ ಅಲ್ವಾ, ಮೂಳೆ ಡಾಕ್ಟರ ಹತ್ತಿರ ಹೋಗಿ ಬಂದೆವು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಡಾಕ್ಟರು ಮೊದಲು ನೋಡಿದ್ದು ಮಂಡಿ ಅಲ್ಲ, ಬಿಪಿ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತಪರೀಕ್ಷೆ). ಎಟೊರಿಕಾಕ್ಸಿಬ್ ಹೊಟ್ಟೆಗೆ ಸ್ವಲ್ಪ ಮೃದು ನಿಜ, ಆದರೆ ಬಿಪಿ 140/90 ದಾಟಿ ಹತೋಟಿಗೆ ಬರದಿದ್ದರೆ ಅದನ್ನು ಕೊಡಲೇಬಾರದಂತೆ. ಅಮ್ಮನದು ಆಗಾಗ ದಾಟುತ್ತೆ, ಹಾಗಾಗಿ ಅದು ಬೇಡ ಅಂದರು. ಡೈಕ್ಲೋಫೆನಾಕ್ ಮಾತ್ರೆಯಿಂದಲೂ ಹೃದಯಕ್ಕೆ ಅಪಾಯ ಇದೆ. ಎಟೊರಿಕಾಕ್ಸಿಬ್ ಗುಂಪಿನದೇ ಇನ್ನೊಂದು ನೋವಿನ ಮಾತ್ರೆ ರೋಫೆಕಾಕ್ಸಿಬ್ ಅನ್ನು 2004ರಲ್ಲಿ ಹೃದಯಾಘಾತದ ಕಾರಣಕ್ಕೆ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿದ್ದು ಕೆಲವರಿಗೆ ನೆನಪಿರಬಹುದು. ನ್ಯಾಪ್ರೊಕ್ಸೆನ್ ಹೃದಯದ ವಿಷಯದಲ್ಲಿ ಇವುಗಳಿಗಿಂತ ಪರವಾಗಿಲ್ಲ, ಆದರೆ ಹೊಟ್ಟೆ ಹುಣ್ಣಿನ ಭಯ ಜಾಸ್ತಿ, ಅದಕ್ಕೆ ಹೊಟ್ಟೆಯ ಆಮ್ಲ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್ ಮಾತ್ರೆ ಜೊತೆಗಿರಬೇಕು. ಮೂತ್ರಪಿಂಡಕ್ಕೆ ಮಾತ್ರ ಮೂರೂ ಒಂದೇ, ಅದರಲ್ಲೂ ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಇನ್ನೂ ಹುಷಾರಾಗಿರಬೇಕು.

ಕೊನೆಗೆ ಬರೆದುಕೊಟ್ಟಿದ್ದು ಡೈಕ್ಲೋಫೆನಾಕ್ ಜೆಲ್! ಹಚ್ಚಿದರೆ ರಕ್ತಕ್ಕೆ ಸೇರೋದು ಮಾತ್ರೆಗಿಂತ ತುಂಬಾ ಕಡಿಮೆ. ನೋವು ತೀರಾ ಹೆಚ್ಚಾದಾಗ ಮಾತ್ರ ನ್ಯಾಪ್ರೊಕ್ಸೆನ್, ಅದೂ ಊಟ ಆದ ಮೇಲೆ, ಕೆಲವೇ ದಿನ. ಜೊತೆಗೆ ತೊಡೆಯ ಸ್ನಾಯು ಗಟ್ಟಿಯಾಗೋ ವ್ಯಾಯಾಮ.

ಈಗ ಅಮ್ಮ ಮೆಟ್ಟಿಲು ಹತ್ತುವಾಗ ಮೊದಲಿನಷ್ಟು ನರಳಲ್ಲ, ನನಗೆ ಅದೇ ದೊಡ್ಡ ಸಮಾಧಾನ. ನಿಮ್ಮ ಮನೆಯಲ್ಲಿ ಯಾರಾದರೂ ಮೆಡಿಕಲ್ ಸ್ಟೋರಿಂದ ಸುಮ್ನೆ ನೋವಿನ ಮಾತ್ರೆ ತಂದು ದಿನಾ ನುಂಗುತ್ತಿದ್ದರೆ, ದಯವಿಟ್ಟು ಒಮ್ಮೆ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ.