ಶೀನನ ಹಳದಿ ಫಲಕ

"ಇಪ್ಪತ್ತೆರಡು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಲಾರಿಗೆ ಬೇರೆ ಲೈಸೆನ್ಸ್ ಯಾಕಯ್ಯಾ? ನಾಲ್ಕು ಚಕ್ರ ಹೆಚ್ಚಿರಬಹುದು, ರಸ್ತೆ ಅದೇ ತಾನೇ?" ಎಂದು ಶೀನ ಕೇಳಿದ. ಅವನು ಸ್ವಯಂ ನಿವೃತ್ತಿ ಪಡೆದು ಹದಿನೈದು ದಿನಗಳಾಗಿದ್ದವು. ಅಷ್ಟರಲ್ಲೇ ಮನೆಗೆ ಅವನೂ ಅವನಿಗೆ ಮನೆಯೂ ಸಾಕಾಗಿತ್ತು.

ವಕೀಲ ಕನ್ನಡಕ ಒರೆಸಿಕೊಂಡ. ಅವನು ಕನ್ನಡಕ ಒರೆಸಿದನೆಂದರೆ ಯಾವುದೋ ಕಾಯ್ದೆ ಹೊರಬೀಳುವುದು ಖಚಿತ. "1988ರ ಮೋಟಾರು ವಾಹನ ಕಾಯ್ದೆ. ಬಾಡಿಗೆಗೆ ಜನರನ್ನೋ ಸರಕನ್ನೋ ಒಯ್ದರೆ ಅದು ಸಾರಿಗೆ ವಾಹನ."

"ಭಾವನ ಸಂಸಾರವನ್ನು ಎಷ್ಟು ಸಲ ಹೊತ್ತು ತಿರುಗಿಲ್ಲ ನಾನು!"

"ಬಾಡಿಗೆ ಕೊಟ್ಟರೇ?"

"ಪೆಟ್ರೋಲು ಹಾಕಿಸಿದವನೂ ನಾನೇ."

"ಹಾಗಾದರೆ ಅದು ಸಾರಿಗೆಯಲ್ಲ, ಸೇವೆ."

ಲಾರಿಯ ಕಲಿಕಾ ಲೈಸೆನ್ಸಿಗೆ ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಕೈಸೇರಿ ಒಂದು ವರ್ಷವಾಗಿರಬೇಕು. ಇವೆರಡರಲ್ಲಿ ಶೀನನಿಗೆ ಅಡ್ಡಿಯಿರಲಿಲ್ಲ. ಚಾಲನಾ ತರಬೇತಿ ಶಾಲೆಯ ಪ್ರಮಾಣಪತ್ರವೂ ಬೇಕು ಎಂದಾಗ ಮಾತ್ರ ಮುಖ ಕೆಂಪಾಯಿತು. "ಈ ವಯಸ್ಸಿನಲ್ಲಿ ಇನ್ನೊಬ್ಬನಿಂದ ಕ್ಲಚ್ ಒತ್ತುವುದನ್ನು ಕಲಿಯಲೇ?"

"ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವೂ ಇತ್ತಲ್ಲ?" ಎಂದರು ಮೇಷ್ಟ್ರು, ಆಸೆಯಿಂದ.

"2019ರಲ್ಲಿ ತೆಗೆದುಹಾಕಿದರು." ಮೇಷ್ಟ್ರಿಗೆ ತಮ್ಮ ಕಸುಬಿನ ಕೊನೆಯ ಹಿಡಿತವೂ ತಪ್ಪಿದಂತಾಯಿತು.

ಉಳಿದದ್ದು ವೈದ್ಯಕೀಯ ಪ್ರಮಾಣಪತ್ರ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುತ್ತವೆಯೇ? ಹಗಲು ಬೆಳಕಿನಲ್ಲಿ ಇಪ್ಪತ್ತೈದು ಮೀಟರ್ ದೂರದ ಕಾರಿನ ನಂಬರ್ ಓದಲಾಗುತ್ತದೆಯೇ? ಇರುಳುಗಣ್ಣು ಇದೆಯೇ? ವೈದ್ಯರು ಇದನ್ನೆಲ್ಲ ನೋಡಿ ಬರೆದುಕೊಡಬೇಕು.

"ಇಪ್ಪತ್ತೈದು ಮೀಟರ್ ಏನು ಮಹಾ, ಸಾಲ ಕೊಟ್ಟವನು ಐವತ್ತು ಮೀಟರ್ ಆಚೆ ತಿರುವಿನಲ್ಲಿ ಬಂದರೂ ಇವನು ಗುರುತಿಸಿ ಗಲ್ಲಿ ಸೇರುತ್ತಾನೆ" ಎಂದೆ. ನನ್ನ ಎರಡು ಸಾವಿರ ಇನ್ನೂ ಬಂದಿಲ್ಲ. ಅದು ಬೇರೆ ಮಾತು.

"ಇಷ್ಟೆಲ್ಲ ಮಾಡಿದರೂ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು" ಎಂದ ವಕೀಲ. ಶೀನನ ಲಾರಿ ಅಲ್ಲೇ ಪಂಕ್ಚರ್ ಆಯಿತು.

ಆಗ ವಕೀಲನಿಗೇ ಕರುಣೆ ಹುಟ್ಟಿತು. "ಚಿಕ್ಕ ಸರಕು ಗಾಡಿ ಸಾಕಾದರೆ ದಾರಿಯಿದೆ. ಸರಕೂ ಸೇರಿ ಒಟ್ಟು ತೂಕ 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಗಾಡಿಗೆ ಮಾತ್ರ ಹಳದಿ ಫಲಕ, ಅರ್ಹತಾ ಪತ್ರ ಇರಬೇಕು."

"ಇದನ್ನು ಮೊದಲೇ ಹೇಳಬಾರದಿತ್ತೇ?"

"ನೀನು ಲಾರಿ ಎಂದೆಯಲ್ಲ. ಕೇಳಿದ ಪ್ರಶ್ನೆಗಷ್ಟೇ ಉತ್ತರ ಹೇಳುವುದು ನಮ್ಮ ಕಸುಬು."

ತಿಂಗಳೊಳಗೆ ಗಾಡಿ ಬಂತು. ಹಳದಿ ಫಲಕದ ಮೇಲಿನ ಕಪ್ಪು ಅಕ್ಷರಗಳನ್ನು ಶೀನ ಪಂಚೆಯ ತುದಿಯಿಂದ ಒರೆಸುತ್ತಿದ್ದಾಗ ಮೇಷ್ಟ್ರು ಮೆಲ್ಲಗೆ ಕೇಳಿದರು: "ಭಾನುವಾರ ಮನೆ ಬದಲಾಯಿಸುತ್ತಿದ್ದೇವೆ. ಎರಡು ಬೀರು, ಒಂದು ಮಂಚ. ಬರುತ್ತೀಯಾ?"

"ಬಾಡಿಗೆ ಎಷ್ಟು ಕೊಡುತ್ತೀರಿ?"

"ನಮ್ಮ ನಮ್ಮೊಳಗೆ ಬಾಡಿಗೆ ಎಂಥದ್ದೋ!"

"ಹಾಗಾದರೆ ಇದನ್ನು ತರುವಂತಿಲ್ಲ ಮೇಷ್ಟ್ರೇ. ಬಿಳಿ ಫಲಕದ ಕಾರು ತರುತ್ತೇನೆ. ಮಂಚ ಹಿಡಿಸುವಂತೆ ಬಿಚ್ಚಿಡಿ."